ಬಿಟ್ಟು ಹೋದವರ ಲಾಗಿನ್

ನಮ್ಮ ರಕ್ತದಾನಿಗಳ ಬಳಗ ಬಿಟ್ಟು ಹೋಗುವವರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೊ ತೆಗೆಸಿಕೊಳ್ಳುವುದರಲ್ಲಿ ನಮ್ಮ ಅಧ್ಯಕ್ಷರನ್ನು ಮೀರಿಸುವವರು ಇರಲಿಲ್ಲ. ಹೋಗುವವನ ಲಾಗಿನ್ ತೆಗೆಯಬೇಕು ಎನ್ನುವುದು ಮಾತ್ರ ಅವರಿಗೆ ಎಂದೂ ಹೊಳೆಯಲಿಲ್ಲ. ನಾನು ಬಾಯಿ ಬಿಟ್ಟು ಹೇಳಿದ ಮೇಲೂ ಹೊಳೆಯಲಿಲ್ಲ. ಹೇಳಿದ್ದಕ್ಕೆ ನನ್ನದೇ ಮನಸ್ಸು ಸಣ್ಣದು ಅಂದರು.

ನಮ್ಮ ಮನೆ ಮಸ್ಕಿಯಲ್ಲಿ. ನನ್ನ ಕೆಲಸ ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ, ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು ನಾನು. ಕೆಲವು ವರ್ಷಗಳ ಹಿಂದೆ ಸಿಂಧನೂರಿನಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವ ಒಬ್ಬರು, ರಕ್ತ ಬೇಕಾದವರಿಗೂ ಕೊಡುವವರಿಗೂ ಒಂದು ಆ್ಯಪ್ ಮಾಡೋಣ, ಯಾರಿಗೂ ಸಂಬಳ ಇಲ್ಲ, ಬರುವವರು ಬನ್ನಿ ಎಂದು ಕರೆದರು. ಕರೆದವರೇ ಅಧ್ಯಕ್ಷರಾದರು. ಅದಕ್ಕೆ ಚುನಾವಣೆಯೇನೂ ನಡೆಯಲಿಲ್ಲ. ವಿಸಿಟಿಂಗ್ ಕಾರ್ಡ್ ಮೊದಲೇ ಅಚ್ಚಾಗಿತ್ತು.

ಆದರೂ ಕೆಲಸ ಒಳ್ಳೆಯದೇ. ನನ್ನ ತಂಗಿಗೆ ಹೆರಿಗೆಯಲ್ಲಿ ರಕ್ತ ಬೇಕಾದಾಗ ನಾವು ಊರೆಲ್ಲ ಅಲೆದಿದ್ದೆವು. ಹಾಗಾಗಿ ನಾನು ಸೇರಿದೆ. ರಕ್ತ ಕೊಡಲು ಒಪ್ಪಿದವರ ಹೆಸರು, ಊರು, ಫೋನ್ ನಂಬರು, ವಯಸ್ಸು, ತೂಕ, ರಕ್ತದ ಗುಂಪು, ಕಳೆದ ಸಲ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ ಎಷ್ಟಿತ್ತು ಎನ್ನುವುದು ಆ್ಯಪಿನಲ್ಲಿ ಇರುತ್ತಿತ್ತು. ರಕ್ತ ಹುಡುಕುವವರಿಗೆ ಕಾಣುವುದು ಗುಂಪು ಮತ್ತು ಊರು; ಉಳಿದದ್ದೆಲ್ಲ ನೋಡುವ, ತಿದ್ದುವ ಅಧಿಕಾರ ನನ್ನಂತೆ ಅಡ್ಮಿನ್ ಆದವರಿಗೆ ಮಾತ್ರ. ಹೊಸ ಅಡ್ಮಿನ್ ಮಾಡುವುದು, ಇರುವವರನ್ನು ತೆಗೆಯುವುದು ಅಧ್ಯಕ್ಷರೊಬ್ಬರ ಕೈಯಲ್ಲಿ. ಮಾಡುವ ಕೈ ಬಹಳ ಧಾರಾಳವಾಗಿತ್ತು. ಯಾರೋ ಶಿಬಿರಕ್ಕೆ ಪೆಂಡಾಲ್ ಹಾಕಿಸಿಕೊಟ್ಟರೆ ಅವರು ಅಡ್ಮಿನ್. ಅಧ್ಯಕ್ಷರ ಭಾವಮೈದುನ ಒಂದು ದಿನ ಬ್ಯಾನರ್ ಕಟ್ಟಿದ, ಅವನೂ ಅಡ್ಮಿನ್. ಈ ಮಂದಿಗೆ ಆ್ಯಪನ್ನು ತೆರೆಯಲು ಸಹ ಬರುತ್ತಿರಲಿಲ್ಲ. ಅಡ್ಮಿನ್ ಆಗಿದ್ದೇನೆ ಎಂದು ಸ್ಟೇಟಸ್ ಹಾಕಿಕೊಳ್ಳಲು ಮಾತ್ರ ಬರುತ್ತಿತ್ತು.

ನಿಜವಾಗಿ ಕೆಲಸ ಬಲ್ಲವನು ಒಬ್ಬನಿದ್ದ. ಲಿಂಗಸುಗೂರಿನವನು, ಇಂಜಿನಿಯರ್. ಆ್ಯಪಿನ ಅರ್ಧದಷ್ಟನ್ನು ಬರೆದವನು ಅವನೇ, ಉಳಿದರ್ಧ ನಾನು. ಕೆಲಸದಲ್ಲಿ ಚುರುಕು. ಆದರೆ ಯಾರ ಜೊತೆ ಮಾತಾಡುತ್ತಿದ್ದರೂ ಎದುರಿಗಿದ್ದವರು ತನಗೆ ಏನಕ್ಕೆ ಉಪಯೋಗ ಎಂದು ಅಳೆಯುವ ಕಣ್ಣು ಅವನದು. ನನ್ನನ್ನು ಅಳೆದು, ಉಪಯೋಗವಿಲ್ಲ ಎಂದು ಬೇಗನೆ ತೀರ್ಮಾನಿಸಿದ್ದ. ಅದರಿಂದ ನನಗೆ ಸಮಾಧಾನವೇ ಆಗಿತ್ತು.

ಅವನು ಒಂದು ದಿನ ಸ್ವಂತ ವ್ಯವಹಾರ ಶುರುಮಾಡುತ್ತೇನೆ, ಬಳಗಕ್ಕೆ ಸಮಯ ಕೊಡಲಾಗುವುದಿಲ್ಲ ಎಂದ. ಸಿಂಧನೂರಿನ ತರಬೇತಿ ಕೇಂದ್ರದ ಮಹಡಿಯಲ್ಲಿ ಬೀಳ್ಕೊಡುಗೆ. ಅಧ್ಯಕ್ಷರು ಕಣ್ಣು ಒರೆಸಿಕೊಂಡರು. ‘ಇವ ಎಲ್ಲೇ ಹೋಗಲಿ, ನಮ್ಮ ಮನಿ ಮಗ’ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿ, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಾಗ ನಾನು ಅಧ್ಯಕ್ಷರ ಹತ್ತಿರ ಹೋದೆ.

‘ಸರ್ರ, ಅವರ ಅಡ್ಮಿನ್ ಲಾಗಿನ್ ಇವತ್ತೇ ಬಂದ್ ಮಾಡಿಬಿಡ್ರಿ. ಹೆಣ್ಮಕ್ಕಳ ನಂಬರ್ ಎಲ್ಲಾ ಅದಾವು.’

ಅವರ ಬಾಯಲ್ಲಿ ಉಪ್ಪಿಟ್ಟಿತ್ತು. ನುಂಗಿ, ಸುತ್ತಲಿನವರಿಗೂ ಕೇಳುವಂತೆ ಹೇಳಿದರು. ‘ತಂಗೀ, ಮನ್ಯಾಗಿಂದ ಹೊರಗ ಹೋಗೋ ಮಗನ ಕಿಸೆ ಚೆಕ್ ಮಾಡ್ತಾರೇನು? ನಂಬಿಕಿ ಅನ್ನೋದು ಐತೋ ಇಲ್ಲೋ ನಿನಗ?’

ಇಂಜಿನಿಯರ್ ಪಕ್ಕದಲ್ಲೇ ಇದ್ದ. ನಗುತ್ತ, ‘ಇರಲಿ ಬಿಡ್ರಿ ಅಕ್ಕಾರ, ನಾಳೆ ಏನರ ಕೆಟ್ರ ನನ್ನ ಬಿಟ್ರ ಯಾರು ರಿಪೇರಿ ಮಾಡವ್ರು?’ ಅಂದ. ಆ ಮಹಡಿಯಲ್ಲಿ ನಿಂತವರೆಲ್ಲ ಹೌದು ಹೌದು ಎಂದು ತಲೆ ಆಡಿಸಿದರು. ಆ್ಯಪಿನ ಅರ್ಧ ಬರೆದವಳು ಅಲ್ಲೇ ಎದುರಿಗೆ ನಿಂತಿದ್ದಾಳೆ ಎನ್ನುವುದು ಅವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಅವನ ಸ್ವಂತ ವ್ಯವಹಾರ ಏನೆಂದು ತಿಳಿದದ್ದು ಆಮೇಲೆ. ವಧು-ವರರ ಕೇಂದ್ರ. ಲಿಂಗಸುಗೂರಿನಲ್ಲಿ ಗಾಜಿನ ಬಾಗಿಲಿನ ಅಂಗಡಿ, ಫ್ಲೆಕ್ಸಿನ ಮೇಲೆ ಬಾಸಿಂಗ ಕಟ್ಟಿಕೊಂಡ ಯಾರೋ ಜೋಡಿ. ನಾನು ದಿನವೂ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಮದುವೆ ಮಾಡಿಸಿ ಬದುಕುವವರು ಬೇಕಾದಷ್ಟು ಜನ ಇದ್ದಾರೆ, ಇವನೂ ಒಬ್ಬ ಎಂದುಕೊಂಡೆ.

ಒಂದು ಭಾನುವಾರ ಮನೆ ಹುಡುಕಿಕೊಂಡು ಬಳಗಾನೂರಿನ ಒಬ್ಬ ಹುಡುಗಿ ಬಂದಳು. ಅಲ್ಲಿಯ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಅವಳದು ಓ ನೆಗೆಟಿವ್ ರಕ್ತ, ಸಿಗುವುದು ಅಪರೂಪ; ಅವಳನ್ನು ನೋಂದಾಯಿಸಿದವಳು ನಾನೇ. ಮನೆಯೊಳಗೆ ಬಂದು, ಗೋಡೆಯ ಮೇಲಿನ ಬುದ್ಧನ ಪಟ ನೋಡಿ, ಕೂತು, ನೀರು ಕುಡಿದು, ಆಮೇಲೆ ಕೇಳಿದಳು.

‘ಅಕ್ಕಾರ, ನನ್ನ ತೂಕ ಎಷ್ಟು ಅಂತ ನೀವು ಯಾರಿಗರ ಹೇಳೀರೇನು?’

ನನಗೆ ಅರ್ಥವಾಗಲಿಲ್ಲ. ಅವಳು ಫೋನ್ ತೆಗೆದು ಒಂದು ಕರೆಯ ರೆಕಾರ್ಡಿಂಗ್ ಹಾಕಿದಳು. ಗಂಡಸಿನ ದನಿ, ನಯವಾಗಿ, ಬ್ಯಾಂಕಿನಿಂದ ಮಾತಾಡುವವರ ಹಾಗೆ.

‘ಮೇಡಂ, ನಿಮ್ಮ ಪ್ರೊಫೈಲ್ ಭಾಳ ಚಲೋ ಐತ್ರಿ. ಐವತ್ತೆರಡು ಕೆಜಿ, ಹಿಮೋಗ್ಲೋಬಿನ್ ಹದಿಮೂರು. ಈಗಿನ ಹುಡುಗ್ಯಾರಿಗೆ ಎಲ್ಲೈತ್ರಿ ಹದಿಮೂರು? ಹುಡುಗನ ಕಡೆಯವ್ರು ಆರೋಗ್ಯಾನ ಮೊದಲ ಕೇಳ್ತಾರ. ಜರಾ ನೀವು ಯಾವ ಮಂದಿ ಅಂತ ಹೇಳಿದ್ರ ನಾ ಎಂಟ್ರಿ ಮಾಡಿಕೊಳ್ತೀನಿ.’

ದನಿ ಯಾರದೆಂದು ನನಗೆ ಮೊದಲ ಮಾತಿಗೇ ಗೊತ್ತಾಯಿತು. ನಮ್ಮ ಇಂಜಿನಿಯರನದು. ರಕ್ತ ಕೊಡುತ್ತೇನೆ ಎಂದು ಒಪ್ಪಿದ ಹೆಣ್ಣುಮಗಳನ್ನು ಇವನು ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವರ ಹಾಗೆ ನೋಡಿದ್ದ.

‘ನೀ ಏನಂದಿ?’ ಎಂದು ಕೇಳಿದೆ.

‘ಇಟ್ಟುಬಿಟ್ಟೆ. ಮತ್ತ ಮಾಡಿದ. ಆಮ್ಯಾಲ ಆ್ಯಪಿನಾಗ ಇನ್ನೊಂದು ನಂಬರ್ ಅಂತ ಕೊಟ್ಟಿದ್ದ ನಮ್ಮಪ್ಪನ ಫೋನಿಗೆ ಮಾಡಿದ. ನಮ್ಮಪ್ಪ ನನ್ನ ಮ್ಯಾಲ ಸಿಟ್ಟಾಗ್ಯಾನ, ನೀನ ಫೋಟೊ ಗೀಟೊ ಕೊಟ್ಟಿರಬೇಕು ಅಂತಾನ. ರಕ್ತ ಕೊಡೂದಂದ್ರ ಇನ್ನ ಮ್ಯಾಲ ಹೊಸ್ತಿಲ ದಾಟಬ್ಯಾಡ ಅಂದಾನ.’

ಅವಳ ಎದುರಿಗೇ ಲ್ಯಾಪ್‌ಟಾಪ್ ತೆರೆದೆ. ಇಂಜಿನಿಯರ್ ಹಿಂದಿನ ದಿನವಷ್ಟೇ ಆ್ಯಪಿನ ಒಳಗೆ ಬಂದು ಹೋಗಿದ್ದ. ಅವನೊಬ್ಬನೇ ಅಲ್ಲ, ಬಳಗ ಬಿಟ್ಟ ಪ್ರತಿಯೊಬ್ಬರೂ, ಬಳಗದ ಕೆಲಸವನ್ನೇ ಮಾಡದವರೂ ಇನ್ನೂ ಅಡ್ಮಿನ್ ಆಗಿಯೇ ಇದ್ದರು. ಪೆಂಡಾಲಿನವನಿದ್ದ. ಭಾವಮೈದುನನಿದ್ದ. ಊರು ಬಿಟ್ಟು ಹೋಗಿ, ಫೋನ್ ನಂಬರು ಸಹ ಬದಲಾಗಿದ್ದ ಒಬ್ಬನಿದ್ದ. ಇದನ್ನು ನಾನು ನಿರೀಕ್ಷಿಸಿದ್ದೆ. ನಿರೀಕ್ಷಿಸದೇ ಇದ್ದದ್ದು ಇನ್ನೊಂದು. ದಾನಿಗಳ ವಿವರದ ಕೊನೆಗೆ ಒಂದು ಹೊಸ ಕಾಲಂ ಬಂದಿತ್ತು. ಜಾತಿ.

ರಕ್ತ ಕೊಡುವವರನ್ನು ನಾವು ಅದೊಂದನ್ನು ಕೇಳುವುದಿಲ್ಲ ಎಂದು ಮೊದಲ ಸಭೆಯಲ್ಲೇ ಠರಾವು ಮಾಡಿದ್ದೆವು. ಅಧ್ಯಕ್ಷರು ಪ್ರತಿ ಭಾಷಣದಲ್ಲೂ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಈಗ ನಮ್ಮದೇ ಆ್ಯಪಿನ ಒಳಗೆ ಕೂತು ಇವನು ಒಬ್ಬೊಬ್ಬರದೂ ತುಂಬಿದ್ದ. ಫೋನ್ ಮಾಡಿ ಕೇಳಿ ತುಂಬಿದ್ದು ಕೆಲವು, ಹೆಸರು ನೋಡಿ ಊಹೆ ಮಾಡಿದ್ದು ಕೆಲವು. ನನಗೆ ಮದುವೆಯಾಗಿದೆ, ಮಗಳು ಹೈಸ್ಕೂಲಿಗೆ ಹೋಗುತ್ತಾಳೆ. ನನ್ನಿಂದ ಅವನಿಗೆ ಯಾವ ಗಿರಾಕಿಯೂ ಸಿಗುವುದಿಲ್ಲ. ಆದರೂ ನನ್ನ ಹೆಸರಿನ ಮುಂದೆ ಖಾಲಿ ಬಿಡಲು ಅವನಿಗೆ ಆಗಿರಲಿಲ್ಲ. ‘ಎಸ್ಸಿ, ಬೌದ್ಧರಂತೆ’ ಎಂದು ಬರೆದಿದ್ದ. ಆ ‘ಅಂತೆ’ಯನ್ನು ನಾನು ತುಸು ಹೊತ್ತು ನೋಡಿದೆ. ನಮ್ಮ ತಂದೆ ಬೌದ್ಧ ದೀಕ್ಷೆ ತೆಗೆದುಕೊಂಡದ್ದು ನಾನು ಹುಟ್ಟುವ ಮೊದಲು. ಎಷ್ಟೋ ದಿನ ನನ್ನ ಪಕ್ಕ ಕೂತು ಚಹಾ ಕುಡಿದವನಿಗೆ ಅದು ಇನ್ನೂ ಬರೀ ವದಂತಿ.

ಹುಡುಗಿ ನನ್ನ ಹೆಗಲ ಮೇಲಿಂದ ನೋಡುತ್ತಿದ್ದಳು. ‘ನನ್ನದು ಏನ್ ಬರದಾನ?’ ಎಂದಳು. ಅವಳದು ಖಾಲಿ ಇತ್ತು, ಪ್ರಶ್ನಾರ್ಥಕ ಚಿಹ್ನೆ ಮಾತ್ರ.

ಆ ಕಾಲಂ ಅಳಿಸುವ ಅಧಿಕಾರ ನನಗಿತ್ತು, ಅಳಿಸಿದೆ. ಅವನನ್ನು ತೆಗೆಯುವ ಅಧಿಕಾರ ಇರಲಿಲ್ಲ. ಮರುದಿನ ಅದು ಮತ್ತೆ ಬಂದಿತ್ತು, ತುಂಬಿದ್ದೆಲ್ಲ ಹಾಗೇ. ಪ್ರತಿ ಇಟ್ಟುಕೊಂಡಿದ್ದ.

ಸಿಂಧನೂರಿಗೆ ಹೋಗಿ ಅಧ್ಯಕ್ಷರಿಗೆ ಎಲ್ಲ ತೋರಿಸಿದೆ. ರೆಕಾರ್ಡಿಂಗ್ ಕೇಳಿಸಿದೆ. ಅವರು ಕೇಳಿ, ಕನ್ನಡಕ ತೆಗೆದು ಒರೆಸಿ, ‘ಅಂವಾ ಮದುವಿ ಮಾಡ್ಸಾಕತ್ಯಾನ ತಂಗಿ, ಕಳುವು ಮಾಡಾಕತ್ತಿಲ್ಲ’ ಅಂದರು.

‘ಕೇಳಲಾರದ ತಗೊಂಡ್ರ ಅದಕ್ಕ ಏನಂತಾರ್ರೀ?’

‘ನಾ ಅವನ ಲಾಗಿನ್ ತೆಗೆದ್ರ ಅವನ ಮನಸ್ಸಿಗಿ ನೋವಾಗ್ತದ. ಎಲ್ಲಾರ ಮುಂದ ಮಗ ಅಂದೀನಿ. ನನ್ನ ಇಜ್ಜತ್ ಏನಾಗಬೇಕು?’

ಈ ಮನುಷ್ಯನ ಇಜ್ಜತ್ತು ಎಲ್ಲಿದೆ ಎಂದು ನನಗೆ ಅಂದು ಗೊತ್ತಾಯಿತು. ಬಳಗಾನೂರಿನ ಹುಡುಗಿ ಮನೆಯಲ್ಲಿ ಬೈಸಿಕೊಂಡು ಕೂತಿರುವುದರಿಂದ ಅದಕ್ಕೆ ಒಂದು ಗೀರೂ ಬೀಳುವುದಿಲ್ಲ. ಇನ್ನೊಬ್ಬ ಗಂಡಸಿನ ಮುಖ ಸಣ್ಣದಾದರೆ ಮಾತ್ರ ಅದು ಒಡೆದು ಹೋಗುತ್ತದೆ. ಎದ್ದು ಬಂದೆ. ಚಹಾ ತರಿಸಿದ್ದರು, ಕುಡಿಯಲಿಲ್ಲ.

ಹುಡುಗಿಗೆ ಫೋನ್ ಮಾಡಿ, ಅಧ್ಯಕ್ಷರು ಒಪ್ಪಲಿಲ್ಲ ಎಂದೆ. ಅವಳು, ‘ನನ್ನ ಹೆಸರು ನಾನ ತೆಗೀಬಹುದೇನ್ರಿ?’ ಎಂದು ಕೇಳಿದಳು. ತೆಗೆಯಬಹುದಿತ್ತು. ದಾನಿಗಳು ತಮ್ಮ ವಿವರ ತಾವೇ ಅಳಿಸುವ ಬಟನ್ ನಾನೇ ಇಟ್ಟಿದ್ದೆ. ಅಷ್ಟು ಹೊತ್ತಿಗೆ ಅವನ ಫೋನಿಗೆ ಹೋದದ್ದು ಹೋಗಿತ್ತು, ಅದನ್ನು ಯಾವ ಬಟನ್ನೂ ವಾಪಸು ತರಲಾರದು, ಅದನ್ನೂ ಹೇಳಿದೆ.

‘ಇರ್ಲ್ಯಾಕ್ರಿ. ಉಳಿದ ಹುಡುಗ್ಯಾರದರ ಅವನ ಕೈಗೆ ಸಿಗದಂಗ ಆಗಲಿ,’ ಅಂದಳು.

ಅವಳು ತನ್ನದನ್ನು ಅಳಿಸಿ ಅಷ್ಟಕ್ಕೇ ನಿಲ್ಲಲಿಲ್ಲ. ತನ್ನ ಜೊತೆ ಕಲಿಸುವವರಿಗೆ, ಓದಿದವರಿಗೆ, ಶಿಬಿರದಲ್ಲಿ ಸಿಕ್ಕಿದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ನಡೆದದ್ದು ಹೇಳಿದಳು. ಅಂಥದೇ ಕರೆ ಬಂದವರು ಇನ್ನೂ ಇದ್ದರು. ನಾಚಿಕೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಕಡೆ ಹೆಣ್ಣುಮಕ್ಕಳ ಹೆಸರು ಒಂದೊಂದಾಗಿ ಮಾಯವಾದವು. ಆಮೇಲೆ ಅವರ ಅಣ್ಣತಮ್ಮಂದಿರು ತಮ್ಮವನ್ನೂ ಅಳಿಸಿದರು. ಅಧ್ಯಕ್ಷರ ಗಮನಕ್ಕೆ ಇದು ಬಂದದ್ದು ಯಾರೋ ಅತಿಥಿಗಳಿಗೆ ಆ್ಯಪ್ ತೋರಿಸಲು ಹೋದಾಗ. ನನಗೆ ಫೋನ್ ಮಾಡಿ, ‘ಆ್ಯಪಿಗೆ ವೈರಸ್ ಬಂದೈತೇನು ನೋಡು’ ಎಂದರು. ಬಂದು ಬಹಳ ದಿನವಾಯಿತು, ನೀವೇ ಶಾಲು ಹೊದಿಸಿ ಕಳಿಸಿದ್ದೀರಿ ಎಂದು ಹೇಳಬೇಕೆನಿಸಿತು. ಹೇಳಿದೆ ಕೂಡ. ಫೋನ್ ಇಟ್ಟುಬಿಟ್ಟರು.

ಆ ವಾರವೇ ಸಂತೆಕಲ್ಲೂರಿನ ಒಬ್ಬ ಬಾಣಂತಿಯನ್ನು ಸಿಂಧನೂರಿನ ಆಸ್ಪತ್ರೆಗೆ ತಂದರು. ಬಹಳ ರಕ್ತ ಹೋಗಿತ್ತು. ಅವಳ ಗುಂಪು ಓ ನೆಗೆಟಿವ್. ಆಸ್ಪತ್ರೆಯವರು ನಮ್ಮ ಆ್ಯಪಿನಲ್ಲಿ ಹುಡುಕಿದರು, ಯಾರೂ ಇಲ್ಲ. ಅಧ್ಯಕ್ಷರು ನನಗೆ ಮತ್ತೆ ಫೋನ್ ಮಾಡಿದಾಗ ದನಿಯಲ್ಲಿ ತಂಗಿ ಗಿಂಗಿ ಏನೂ ಇರಲಿಲ್ಲ. ‘ಮೇಡಂ, ಆ ಬಳಗಾನೂರಿನ ಟೀಚರ್ ನಂಬರ್ ಐತೇನ್ರಿ?’

ನಂಬರ್ ಕೊಡಲಿಲ್ಲ. ನಾನೇ ಅವಳಿಗೆ ಹೇಳಿದೆ. ಕರೆಯುವಾಗ ನನಗೆ ಅಳುಕಿತ್ತು. ಹೊಸ್ತಿಲು ದಾಟಬೇಡ ಅಂದಿದ್ದನಲ್ಲ ಅಪ್ಪ. ಅವಳು ‘ಬರ್ತೀನಿ’ ಎಂದಷ್ಟೇ ಹೇಳಿ ಇಟ್ಟಳು. ನಾನು ಕಾಲೇಜಿಗೆ ರಜೆ ಹೇಳಿ, ಬಸ್ ಹಿಡಿದು ಸಿಂಧನೂರಿನ ರಕ್ತನಿಧಿ ಮುಟ್ಟುವಷ್ಟರಲ್ಲಿ ಅವಳು ಮಂಚದ ಮೇಲೆ ತೋಳು ಚಾಚಿಕೊಂಡು ಮಲಗಿದ್ದಳು. ಅವಳ ಅಪ್ಪ ಬಾಗಿಲಲ್ಲಿ ಕೂತಿದ್ದ. ತಾನೇ ಬೈಕಿನಲ್ಲಿ ಕರೆತಂದಿದ್ದ. ನನ್ನನ್ನು ನೋಡಿ, ‘ಬಾಣಂತಿ ಅಂದಳ್ರಿ, ಮತ್ತೇನ್ ಮಾಡ್ಲಿ’ ಎಂದು ಯಾರೋ ಬೈದವರಿಗೆ ಉತ್ತರ ಕೊಡುವ ಹಾಗೆ ಹೇಳಿದ.

ನನ್ನ ಹಿಂದೆಯೇ ಅಧ್ಯಕ್ಷರು ಬಂದರು. ಇಸ್ತ್ರಿಯ ಬಿಳಿ ಅಂಗಿ, ಕೈಯಲ್ಲಿ ಬಳಗದ ಬ್ಯಾನರ್ ಸುತ್ತಿದ್ದು, ಜೊತೆಗೆ ಫೋಟೊ ತೆಗೆಯಲು ಭಾವಮೈದುನ. ಅವನು ಬ್ಯಾನರ್ ಬಿಡಿಸಿ ಮಂಚದ ಹಿಂದೆ ಹಿಡಿಯತೊಡಗಿದ. ಅಲ್ಲಿ ಆಸ್ಪತ್ರೆಯಲ್ಲಿ ಒಂದು ಜೀವ ಒದ್ದಾಡುತ್ತಿದೆ, ಇಲ್ಲಿ ಇವರು ಬ್ಯಾನರಿನ ಸುಕ್ಕು ತೆಗೆಯುತ್ತಿದ್ದಾರೆ.

‘ಜರಾ ನಗ್ರಿ ಟೀಚರ್ರ,’ ಅಂದರು ಅಧ್ಯಕ್ಷರು.

ಅವಳು ಮುಖ ತಿರುಗಿಸಿದಳು. ‘ಫೋಟೊ ಬ್ಯಾಡ್ರಿ. ಮೊದಲ ಅವನ ಲಾಗಿನ್ ತೆಗೀರಿ.’

‘ಅದರ ಬಗ್ಗೆ ಮೀಟಿಂಗ್ ಕರೀತೀನಿ.’

‘ಮೀಟಿಂಗ್ ಎದಕ್ರಿ? ಫೋನ್ ನಿಮ್ಮ ಕೈಯಾಗ ಐತಿ. ಇಲ್ಲೇ ತೆಗೀರಿ. ಇಲ್ಲಂದ್ರ ನಾ ಇಲ್ಲಿಂದ ಎದ್ದು ಸೀದಾ ಪೊಲೀಸ್ ಸ್ಟೇಷನ್ನಿಗಿ ಹೋಗ್ತೀನಿ. ನಂಬರ್ ತಗೊಂಡಾಂವ ಅಂವಾ, ಬಾಗಿಲಾ ತೆರದಿಟ್ಟವ್ರು ನೀವು ಅಂತ ಬರಸ್ತೀನಿ. ರಕ್ತ ಕೊಟ್ಟೇ ಹೋಗ್ತೀನಿ, ಅದಕ್ಕೇನ್ ಅಂಜಬ್ಯಾಡ್ರಿ.’

ಸೂಜಿ ಹಾಕಿದ ನರ್ಸ್ ನಮ್ಮ ಕಡೆ ತಿರುಗಿ ನಿಂತಳು. ಬಾಗಿಲಲ್ಲಿದ್ದ ಅಪ್ಪ ಎದ್ದು ಒಳಗೆ ಬಂದ. ಬ್ಯಾನರ್ ಹಿಡಿದವನ ಪಕ್ಕದಲ್ಲಿ ನಿಂತ. ಭಾವಮೈದುನ ಬ್ಯಾನರನ್ನು ಮೆಲ್ಲಗೆ ಸುತ್ತಿಕೊಂಡ.

ಅಧ್ಯಕ್ಷರು ಸ್ಟೀಲ್ ಕುರ್ಚಿಯ ಮೇಲೆ ಕೂತು ಫೋನ್ ತೆಗೆದರು. ಆಗ ತಿಳಿದ ಸಂಗತಿಯನ್ನು ನಾನು ಇಂದಿಗೂ ಮರೆತಿಲ್ಲ: ಒಬ್ಬರನ್ನು ತೆಗೆಯುವುದು ಹೇಗೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ನಂಬಿಕೆ, ಮನೆ ಮಗ, ಇಜ್ಜತ್ ಎಂದದ್ದರ ಅಡಿಯಲ್ಲಿ ಇದ್ದದ್ದು ಇಷ್ಟೇ. ಯಾವ ಬಟನ್ ಒತ್ತಬೇಕೆಂದು ತಿಳಿಯದ ಮನುಷ್ಯ, ಕೇಳಲು ನಾಚಿಕೆ. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಹೇಳಿಕೊಟ್ಟೆ. ಒಟಿಪಿ ಬಂದಾಗ ಮೊದಲ ಸಲ ತಪ್ಪು ಒತ್ತಿದರು. ಇಂಜಿನಿಯರ್ ಹೋದ. ಪೆಂಡಾಲಿನವನು ಹೋದ. ಭಾವಮೈದುನನ ಹೆಸರು ಬಂದಾಗ ನನ್ನ ಮುಖ ನೋಡಿದರು. ‘ಇವರೇನೂ ಬಿಟ್ಟು ಹೋಗಿಲ್ಲಲ್ಲ?’ ಎಂದರು.

‘ಅವ್ರು ಬಂದಿದ್ರ ತಾನೇ ಬಿಟ್ಟು ಹೋಗೂದು,’ ಅಂದೆ. ಅವನೂ ಹೋದ.

ಬಾಣಂತಿ ಉಳಿದಳು. ಮಗುವೂ ಚೆನ್ನಾಗಿತ್ತು ಎಂದು ಆಮೇಲೆ ತಿಳಿಯಿತು.

ಅಂದು ಸಂಜೆ ಮನೆಗೆ ಬರುವಷ್ಟರಲ್ಲಿ ಇಂಜಿನಿಯರನ ಫೋನು. ಕ್ಷಮೆ ಕೇಳಬಹುದು ಎಂದು ಒಂದು ಗಳಿಗೆ ಅಂದುಕೊಂಡದ್ದು ನನ್ನ ದಡ್ಡತನ.

‘ನಾ ಕಟ್ಟಿದ ಮನಿಯಿಂದ ನನ್ನ ಹೊರಗ ಹಾಕೀರಿ. ನಿಮ್ಮಂಥವ್ರು ಹಿಂಗ ಮಾಡ್ತೀರಿ ಅಂತ ಗೊತ್ತಿತ್ತು.’

‘ನಮ್ಮಂಥವ್ರು ಅಂದ್ರ ಯಾರ್ರೀ?’ ಎಂದು ಕೇಳಿದೆ. ಆ ಕಾಲಮ್ಮಿನಲ್ಲಿ ಬರೆಯುವ ಧೈರ್ಯ ಇದ್ದವನಿಗೆ ಫೋನಿನಲ್ಲಿ ಹೇಳುವ ಧೈರ್ಯ ಇರಲಿಲ್ಲ. ಅವನ ನಂಬರ್ ಬ್ಲಾಕ್ ಮಾಡಿ ಅನ್ನಕ್ಕೆ ಇಟ್ಟೆ.

ಕೆಲವೇ ದಿನಗಳಲ್ಲಿ ನನ್ನ ಲಾಗಿನ್ನೂ ಬಂದ್ ಆಯಿತು. ತೆಗೆಯುವುದು ಹೇಗೆಂದು ನಾನೇ ಕಲಿಸಿಕೊಟ್ಟಿದ್ದೆನಲ್ಲ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಅಧ್ಯಕ್ಷರು ‘ಸುರಕ್ಷತೆಯ ದೃಷ್ಟಿಯಿಂದ’ ಎಂದು ಹಾಕಿದ್ದರು. ಕೈಮುಗಿದ ಚಿತ್ರಗಳು ಸಾಲು ಸಾಲಾಗಿ ಬಂದವು. ಆ ಸಾಲಿನಲ್ಲಿ, ರಕ್ತನಿಧಿಯ ಸ್ಟೀಲ್ ಕುರ್ಚಿಯ ಪಕ್ಕದಲ್ಲಿ ನಿಂತು ತನ್ನ ಹೆಸರು ಹೋಗುವುದನ್ನು ನೋಡಿದ್ದ ಭಾವಮೈದುನನದೂ ಇತ್ತು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ಆ ಆ್ಯಪಿನಲ್ಲಿ ನನ್ನ ಎಷ್ಟೋ ಭಾನುವಾರಗಳಿದ್ದವು. ಆದರೆ ಅದನ್ನು ಅಲ್ಲಿ ಯಾರ ಮುಂದೆ ಹೇಳಿಕೊಳ್ಳಬೇಕು?

ಈಗ ನಾವು ನಾಲ್ಕೈದು ಜನ ಬೇರೆ ಆ್ಯಪ್ ಮಾಡಿಕೊಂಡಿದ್ದೇವೆ. ಬಳಗಾನೂರಿನ ಟೀಚರ್ ಇದ್ದಾಳೆ, ರಕ್ತನಿಧಿಯ ಆ ನರ್ಸ್ ಇದ್ದಾಳೆ. ಅಧ್ಯಕ್ಷರಿಲ್ಲ. ತೂಕ, ಹಿಮೋಗ್ಲೋಬಿನ್ ಬರೆದಿಡುವುದು ಬೇಕೇ ಇರಲಿಲ್ಲ, ಅದನ್ನು ಪರೀಕ್ಷೆ ಮಾಡುವವರು ನೋಡಿಕೊಳ್ಳುತ್ತಾರೆ, ಬಿಟ್ಟೆವು. ಮೊನ್ನೆ ನಮ್ಮಲ್ಲಿ ಒಬ್ಬಳಿಗೆ ಬೇರೆ ಜಿಲ್ಲೆಯಲ್ಲಿ ಕೆಲಸ ಸಿಕ್ಕಿತು. ಹೋಗುವ ದಿನ ಮಸ್ಕಿ ಬಸ್ ನಿಲ್ದಾಣದಲ್ಲಿ ನಿಂತು, ‘ಅಕ್ಕಾರ, ನಂದು ತೆಗದ್ರೇನು?’ ಎಂದು ಅವಳೇ ಕೇಳಿದಳು. ತೆಗೆದಿದ್ದೆ. ಅವಳು ತನ್ನ ಫೋನಿನಲ್ಲಿ ಒಮ್ಮೆ ಒತ್ತಿ ನೋಡಿ, ಒಳಗೆ ಬಿಡಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಸ್ ಹತ್ತಿದಳು.

ಲಿಂಗಸುಗೂರಿನ ಗಾಜಿನ ಬಾಗಿಲ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಇನ್ನೊಂದು ಶಾಖೆ ತೆಗೆದಿದ್ದಾನೆ ಎಂದು ಕೇಳಿದೆ. ಅವನಲ್ಲಿ ಜೋಡಿಯಾದ ಒಂದು ಮದುವೆಗೆ ನಮಗೂ ಕರೆ ಬಂದಿತ್ತು, ಹುಡುಗಿ ನನ್ನ ಗಂಡನ ಸಹೋದ್ಯೋಗಿಯ ಮಗಳು. ಹೋಗಿದ್ದೆವು. ಅವನು ಮಂಟಪದ ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ಕಾರ್ಡ್ ಹಂಚುತ್ತಿದ್ದ. ನಾವು ಹತ್ತಿರ ಹೋದಾಗ ಮುಖ ಬೇರೆ ಕಡೆ ತಿರುಗಿಸಿದ. ನಾನು ಅಕ್ಷತೆ ಹಾಕಿ, ಊಟ ಮಾಡಿ, ಹುಗ್ಗಿ ಚೆನ್ನಾಗಿದ್ದದ್ದಕ್ಕೆ ಎರಡು ಸಲ ಹಾಕಿಸಿಕೊಂಡು ಬಂದೆ.